ಜನರೇಟರ್ ಶೆಡ್ಡಿನೊಳಗಿನ ಟಕ್ ಟಕ್

ಕರೆಂಟ್ ಹೋಯಿತು. ಜನರೇಟರ್ ಸದ್ದೇ ಮಾಡಲಿಲ್ಲ.

ಹೊನ್ನಾಳಿಯ ಆ ಖಾಸಗಿ ನರ್ಸಿಂಗ್ ಹೋಮಿನ ಐಸಿಯುನಲ್ಲಿ ಉಸಿರಾಟದ ಯಂತ್ರ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ನರ್ಸ್ ಅನೀಸಾ ಉಸಿರು ತುಂಬುವ ಕೈಪಂಪು ಒತ್ತುತ್ತಲೇ ಇದ್ದಳು. ಆದರೆ ಕಫ ಎಳೆಯುವ ಮಷೀನೂ ನಿಂತಿತ್ತು. ಗೋವಿನಕೋವಿಯ ರೋಗಿ ಚಿಕ್ಕಹನುಮಂತಪ್ಪ ಕಫ ಕಟ್ಟಿ ಉಸಿರುಗಟ್ಟಿ ಸತ್ತರು.

ಸಬ್ ಇನ್‌ಸ್ಪೆಕ್ಟರ್ ಕಾವ್ಯಶ್ರೀ ಬರುವಷ್ಟರಲ್ಲಿ ಕರೆಂಟ್ ಬಂದಿತ್ತು. ಮಂದ ಕರೆಂಟ್. ಟ್ಯೂಬ್‌ಲೈಟುಗಳು ಹತ್ತಲಾರದೆ ಮಿಣುಕುತ್ತಿದ್ದವು. ಹಿತ್ತಲಿನಲ್ಲಿ, ಜನರೇಟರ್ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ಸತ್ತವರ ಹೆಂಡತಿ ಉಡಚಮ್ಮ ಕೂತಿದ್ದರು.

"ಸ್ವಲ್ಪ ಏಳ್ರಿ ಅಮ್ಮಾ. ಒಳಗೆ ನೋಡ್ಬೇಕು."

"ಸುಮ್ಕಿರವ್ವ. ಕೇಳು."

ಒಳಗಿನಿಂದ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಯಾರೋ ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ.

"ನಮ್ ಯಜಮಾನ್ರು. ಏನೋ ಹೇಳಾಕೆ ಬಂದಾರೆ. ನಾನೆದ್ದು ಹೋದ್ರೆ ಯಾರಿಗೆ ಹೇಳ್ತಾರೆ?"

ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಕಾವ್ಯಶ್ರೀ ಅದನ್ನು ಎಳೆದು ನೋಡಿದಳು.

ಮ್ಯಾನೇಜರ್ ಕೆಂಚೇಶ್ ಹತ್ತಿರ ಬಂದ. "ಆಗ್ಲಿಂದ ಹೇಳ್ತಾನೇ ಇದೀನಿ ಮೇಡಂ, ಏಳ್ತಿಲ್ಲ. ಪಾಪ, ತಲೆ ಕೆಟ್ಟೈತೆ. ಇದೆಲ್ಲ ಮೆಕ್ಯಾನಿಕ್ ವಸೀಮನ ಕೆಲ್ಸ. ಹೋದ ತಿಂಗ್ಳು ಬೈದಿದ್ದೆ, ಆ ಸಿಟ್ಟಿಗೆ ಬ್ಯಾಟರಿ ಕೆಡಿಸ್ಯಾನೆ."

*

ವಸೀಮ್ ಜಗಳೂರಿನಿಂದ ಓಡಿ ಬಂದಿದ್ದ.

"ಸೋಮವಾರ ನಾನೇ ಸ್ಟಾರ್ಟ್ ಮಾಡಿ ತೋರ್ಸೀನಿ ಮೇಡಂ. ಚೆನ್ನಾಗೇ ಓಡ್ತು. ಶೆಡ್ಡಿಗೆ ಇರೋದು ಎರಡೇ ಕೀ. ನನ್ನ ಹತ್ರ ಇದ್ದಿದ್ದನ್ನೂ ಕೆಂಚೇಶ್ ಸರ್ ಕೈಗೆ ಕೊಟ್ಟು, ತಂಗಿ ಮದುವೆಗೆ ಅಂತ ಊರಿಗೆ ಹೋದೆ."

ಉಡಚಮ್ಮನ ರಟ್ಟೆ ಹಿಡಿದು ಕಾವ್ಯಶ್ರೀ ಮೆಲ್ಲಗೆ ಎಬ್ಬಿಸಿದಳು. ಕೆಂಚೇಶ್ ಕೊಟ್ಟ ಕೀಯಿಂದ ಬಾಗಿಲು ತೆರೆಯಿತು. ಡೀಸೆಲ್ ವಾಸನೆ. ಯಾರೂ ಇರಲಿಲ್ಲ. ಪ್ಯಾನೆಲ್ ಮೇಲೆ ಒಂದು ಹಸಿರು ದೀಪ.

ವಸೀಮ್ ಬ್ಯಾಟರಿಗೆ ಮೀಟರ್ ಹಿಡಿದ. ಫುಲ್ ಚಾರ್ಜ್. ಚಾರ್ಜರಿಗೆ ಹಿಡಿದ. ಅದೂ ಸರಿ.

"ಸ್ಟಾರ್ಟ್ ಮಾಡಿ."

ಗುಂಡಿ ಒತ್ತಿದ. ಟಕ್. ಹಸಿರು ದೀಪ ಆರಿತು. ಇಂಜಿನ್ ಅಲುಗಲಿಲ್ಲ. ಒಂದು ಕ್ಷಣ ಬಿಟ್ಟು, ಯಾರೂ ಮುಟ್ಟದೆ, ದೀಪ ತಾನಾಗೇ ಹತ್ತಿಕೊಂಡಿತು. ವಸೀಮ್ ಹಿಂದಕ್ಕೆ ಸರಿದ.

"ಎರಡೂ ಸರಿ ಐತೆ ಮೇಡಂ. ಯಾಕೆ ಹಿಂಗಾಗ್ತೈತೋ ಗೊತ್ತಾಗ್ವಲ್ದು."

*

ಅನೀಸಾ ವಾರ್ಡಿನ ಮೂಲೆಯಲ್ಲಿ ಕೂತಿದ್ದಳು.

"ಕರೆಂಟ್ ಹೋದಾಗ ಏನು ಕಾಣಿಸ್ತು?" ಕಾವ್ಯಶ್ರೀ ಕೇಳಿದಳು.

"ಈ ಕಿಟಕಿಯಿಂದ ಶೆಡ್ಡಿನ ಕಿಟಕಿ ಕಾಣ್ತೈತೆ ಮೇಡಂ. ಕರೆಂಟ್ ಹೋದಾಗ್ಲೂ ಆ ಹಸಿರು ದೀಪ ಇರ್ತಿತ್ತು. ಅದನ್ನ ನೋಡಿದ್ರೆ ಧೈರ್ಯ. ಇವತ್ತು ತಿರುಗಿ ನೋಡಿದ್ರೆ ಅಲ್ಲೂ ಕತ್ತಲೆ. ಈಗ ಕಣ್ಣು ಮುಚ್ಚಿದ್ರೆ ಅದೇ ಕಿಟಕಿ."

"ರೋಗಿ ಹೆಂಗಿದ್ರು?"

"ಸುಧಾರಿಸಿದ್ರು. ನಾಳೆ ಗಂಟಲಿನ ಪೈಪ್ ತೆಗಿತೀವಿ, ಮಾತಾಡ್ತಾರೆ ಅಂದಿದ್ರು ಡಾಕ್ಟ್ರು. ಕೆಂಚೇಶ್ ಸರ್ ದಿನಾ ವಿಚಾರಿಸ್ತಿದ್ರು. ನ್ಯಾಮತಿ ರಸ್ತೇಲಿ ಮೊಪೆಡ್ ಸಮೇತ ಬಿದ್ದಿದ್ದೋರನ್ನ ಎತ್ಕೊಂಡು ಬಂದಿದ್ದೇ ಅವ್ರಲ್ವಾ?"

ಕಾವ್ಯಶ್ರೀ ಹೊರಗೆ ಬಂದು ನ್ಯಾಮತಿ ಠಾಣೆಗೆ ಫೋನ್ ಮಾಡಿದಳು. ಅಲ್ಲಿನ ಗ್ಯಾರೇಜುಗಳನ್ನು ವಿಚಾರಿಸಲು ಹೇಳಿದಳು.

*

ಉತ್ತರ ಬಂದ ಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆದಳು.

"ಬ್ಯಾಟರಿಗೆ ಜೀವ ಇದ್ರೆ ಕರೆಂಟ್ ಹೋದ್ರೂ ಪ್ಯಾನೆಲ್ ದೀಪ ಆರಬಾರದು. ಅನೀಸಾ ನೋಡಿದಾಗ ಆರಿತ್ತು. ಅಂದ್ರೆ ಪ್ಯಾನೆಲ್ ಬದುಕಿದ್ದು ಬರೀ ಕರೆಂಟಿನಿಂದ ಓಡೋ ಚಾರ್ಜರಿನಿಂದ. ಬ್ಯಾಟರಿ ಚೆನ್ನಾಗಿದೆ, ಆದ್ರೆ ವೈರಿಗೆ ತಾಗಿಲ್ಲ. ವಸೀಮ್, ಬ್ಯಾಟರಿ ಮೇಲಿನ ಆ ಕೆಂಪು ಟೋಪಿ ತೆಗೀರಿ."

ವಸೀಮ್ ರಬ್ಬರ್ ಟೋಪಿ ಎತ್ತಿ ಕ್ಲಾಂಪ್ ಸಡಿಲಿಸಿದ. ಬ್ಯಾಟರಿಯ ಗೂಟಕ್ಕೆ ಸುತ್ತಿದ್ದ ಎಕ್ಸ್‌ರೇ ಫಿಲ್ಮಿನ ಪಟ್ಟಿಯೊಂದು ಸುರುಳಿ ಬಿಚ್ಚಿ ಕೆಳಗೆ ಬಿತ್ತು.

"ಇದು ಬ್ಯಾಟರಿ ಶಕ್ತಿ ವೈರಿಗೆ ದಾಟಾಕೆ ಬಿಡಲ್ಲ. ಮಂದ ಕರೆಂಟ್ ಬಂದಾಗೆಲ್ಲ ಪ್ಯಾನೆಲ್ ಜನರೇಟರ್ ಎಬ್ಬಿಸಾಕೆ ನೋಡ್ತಿತ್ತು. ಶಕ್ತಿ ಸಾಲದೆ ಆರ್ತಿತ್ತು. ಮತ್ತೆ ಹತ್ತಿ ಮತ್ತೆ ನೋಡ್ತಿತ್ತು. ಆ ಟಕ್ ಟಕ್ ಅದೇ."

"ನೋಡಿದ್ರಾ? ವಸೀಮನೇ ಇಟ್ಟಿರೋದು," ಅಂದ ಕೆಂಚೇಶ್.

"ಸೋಮವಾರ ಇದೇ ಬ್ಯಾಟರಿಯಿಂದ ಓಡಿದೆ. ಪಟ್ಟಿ ಬಂದಿದ್ದು ಆಮೇಲೆ. ಆಮೇಲೆ ಎರಡೂ ಕೀ ಇದ್ದಿದ್ದು ನಿಮ್ಮ ಹತ್ರ. ಇವತ್ತು ರಿಪೇರಿಗೆ ಕರೆಂಟ್ ತೆಗೀತಾರೆ ಅಂತ ಪೇಪರಲ್ಲೂ ಬಂದಿತ್ತು. ಸತ್ತ ಕೂಡ್ಲೇ ಪಟ್ಟಿ ತೆಗೆದುಬಿಟ್ಟಿದ್ರೆ ಯಾರಿಗೂ ತಿಳೀತಿರಲಿಲ್ಲ. ಆದ್ರೆ ಈ ಅಮ್ಮ ಬಾಗಿಲು ಬಿಡಲಿಲ್ಲ. ಅದಕ್ಕೇ ಅಲ್ವಾ ಅಷ್ಟು ಸಲ ಎಬ್ಬಿಸಾಕೆ ನೋಡಿದ್ದು?"

ಕೆಂಚೇಶ್ ಬಾಗಿಲತ್ತ ಸರಿದ. ಪೇದೆಗಳು ಅಡ್ಡ ನಿಂತರು.

"ಅಪಘಾತದ ಮಾರನೇ ದಿನ ನ್ಯಾಮತಿಯಲ್ಲಿ ನಿಮ್ಮ ಕಾರಿನ ಬಂಪರ್ ಬದಲಾಯಿಸಿದೀರಿ. ಹಳೇದು ಗ್ಯಾರೇಜಿನಲ್ಲೇ ಬಿದ್ದಿದೆ. ಅದರ ಮೇಲೆ ಚಿಕ್ಕಹನುಮಂತಪ್ಪನವರ ಮೊಪೆಡ್ಡಿನ ನೀಲಿ ಬಣ್ಣ ಐತೆ."

ಕೆಂಚೇಶ್ ಕೈ ಮುಗಿದ.

"ಬದುಕ್ಲಿ ಅಂತಾನೇ ಎತ್ಕೊಂಡು ಬಂದೆ ಮೇಡಂ. ದೇವರಾಣೆ. ಆಮೇಲೆ ಕಣ್ಣು ಬಿಟ್ರು. ನನ್ನನ್ನೇ ನೋಡಿದ್ರು. ಯಾವ ಕಡೆ ನಿಂತ್ರೂ ಆ ಕಣ್ಣು ನನ್ನ ಹಿಂದೇನೇ ಬರ್ತಿತ್ತು. ಮನೆಗೆ ಹೋದ್ರೂ ಬರ್ತಿತ್ತು. ತಡಿಯಾಕಾಗ್ಲಿಲ್ಲ."

ಉಡಚಮ್ಮ ಅವನ ಎದುರಿಗೆ ಬಂದು ನಿಂತರು. ಕೂಗಾಡಲಿಲ್ಲ.

"ನೀನು ಹತ್ರ ಬಂದ್ರೆ ಅವ್ರ ಕಣ್ಣಾಗೆ ನೀರು ಬರ್ತಿತ್ತು. ಜೀವ ಉಳಿಸಿದೋನು ಅಂತ ಅಳ್ತಾರೆ ಅನ್ಕೊಂಡೆ. ನಿನ್ನ ಕಾಲು ಮುಟ್ಟಿದ್ನಲ್ಲೋ ಕೆಂಚೇಶಾ. ಅವ್ರ ಮುಂದೇನೇ ಮುಟ್ಟಿದೆ. ಬ್ಯಾಡ ಅನ್ನಾಕೂ ಅವ್ರಿಗೆ ಬಾಯಿ ಇರಲಿಲ್ಲ."

ಪೇದೆಗಳು ಕೆಂಚೇಶನನ್ನು ಜೀಪಿನತ್ತ ನಡೆಸಿದರು. ಉಡಚಮ್ಮ ಆ ಕಡೆ ನೋಡಲಿಲ್ಲ.

"ಯಜಮಾನ್ರನ್ನ ಮನಿಗೆ ಯಾವಾಗ ಕರ್ಕೊಂಡು ಹೋಗ್ಬೌದು, ಅವ್ವಾ?"

"ನಾಳೆ ಅಮ್ಮಾ," ಅಂದಳು ಕಾವ್ಯಶ್ರೀ. "ನಾನೂ ಜೊತೆಗೆ ಬರ್ತೀನಿ."