ಬೀಗರ ಪದಗಳ ಫೋಲ್ಡರು

ತಿಮ್ಮೇಶನ ಮುಖ ನೋಡುವುದಕ್ಕೂ ಸ್ಮೃತಿಗೆ ಅಸಹ್ಯವಾಗುತ್ತಿತ್ತು.

"ಫೋಲ್ಡರ್ ತೆಗೆದಿದ್ದು ನೀವೇನಾ?"

ಕೆ.ಆರ್. ಪೇಟೆಯ ಆ ಪುಟ್ಟ ಜಾನಪದ ಟ್ರಸ್ಟಿನಲ್ಲಿ ಊರೂರು ಸುತ್ತಿ ಹಾಡು ಸಂಗ್ರಹಿಸುವುದು ಅವಳ ಕೆಲಸ. ಅವನ್ನು ಕಂಪ್ಯೂಟರಿಗೆ ಏರಿಸಿ ಕಾಪಾಡುವುದು ಅವನದು. ಗೋವಿಂದನಹಳ್ಳಿಯ ಮಾಯಮ್ಮ ಮದುವೆಮನೆಗಳಲ್ಲಿ ಬೀಗರನ್ನು ಹಂಗಿಸಿ ಹಾಡುತ್ತಿದ್ದ ಪದಗಳೆಲ್ಲ ಒಂದು ಫೋಲ್ಡರಿನಲ್ಲಿದ್ದವು. ಮಾಯಮ್ಮ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಈಗ ಫೋಲ್ಡರೇ ಕಾಣೆ. ತೆಗೆದವರು ಯಾರೆಂದು ನೋಡಿದರೆ ತಿಮ್ಮೇಶನ ಹೆಸರು.

"ಊಂ, ನಾನೇಯ," ಎಂದ ಅವನು, ಕಣ್ಣೆತ್ತದೆ.

ಮೊನ್ನೆಯಷ್ಟೇ ಇವನು ಅವಳ ಪಕ್ಕದಲ್ಲಿ ಕೂತು ಮಾಯಮ್ಮನ ಪದ ಕೇಳುತ್ತಾ, ಪದವನ್ನು ಬಿಟ್ಟು ಅವಳ ನಗುವನ್ನು ಕದ್ದು ನೋಡಿದ್ದ. ಆಗ ತನ್ನ ಕೆನ್ನೆ ಬಿಸಿಯಾದದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಛೀ! ಆಕೆ ಕೈಯಾರೆ ಇಕ್ಕಿದ ಮುದ್ದೆ ಉಂಡಿದ್ರಿ. ಸತ್ತವಳ ದನೀನೇ ಅಳಿಸಿಬಿಟ್ರಲ್ಲ!"

"ಅಳಿಸ್ಲಿಲ್ಲ ಕಣ್ರೀ. ಸೆಕ್ರೆಟ್ರಿ ವಿಜಯೇಂದ್ರ ಸರ್ ಡಿಲೀಟ್ ಮಾಡ್ಬುಡು ಅಂದ್ರು. ದಾನಿಗಳು ಬತ್ತಾವ್ರೆ, ಈ ಹೊಲಸು ಅವ್ರ ಕಿವಿಗೆ ಬೀಳಬಾರ್ದಂತೆ. ನಾನು ಆರ್ಕೈವ್‌ಗೆ ಆಕ್ಬುಟ್ಟೆ. ಅಲ್ಲಿದ್ರೆ ಕಣ್ಣಿಗೆ ಕಾಣಕಿಲ್ಲ, ಬೇಕಾದಾಗ ವಾಪಸ್ ತರ್ಬೋದು. ನಿಮ್ಗೆ ಯೋಳಾಣ ಅಂತ ಬೆಳಗ್ಗಿಂದ ಕಾಯ್ತಾ ಇವ್ನಿ. ನೀವು ಬೈಕೊಂಡೇ ಬಂದ್ರಿ."

ತಾನಂದ 'ಛೀ' ಅವಳ ನಾಲಿಗೆಯ ಮೇಲೆ ಕಹಿಯಾಗಿ ಉಳಿಯಿತು.

"ಈಗಲೇ ವಾಪಸ್ ತನ್ನಿ."

"ತಂದ್ರೆ ನನ್ ಕೆಲ್ಸ ಓಯ್ತದೆ."

"ಹಾಗಾದ್ರೆ ಏಳಿ. ನನ್ನ ಲಾಗಿನ್ನಲ್ಲಿ ನಾನೇ ತರ್ತೀನಿ."

ಪದಗಳೇನೋ ಬಂದವು. ಆದರೆ ಇಟ್ಟಿದ್ದ ಹೆಸರುಗಳು ಹೋಗಿ ಬರೀ ನಂಬರುಗಳು. ಒಂದೊಂದನ್ನೂ ಕೇಳಿ ಹೊಸದಾಗಿ ಹೆಸರಿಡಬೇಕು. ತಿಮ್ಮೇಶ ಸ್ಟೂಲು ಎಳೆದುಕೊಂಡ. ಮಾಯಮ್ಮ ಬೀಗರ ಮೀಸೆಯನ್ನು ಆಡಿಕೊಳ್ಳುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನು ಮತ್ತೆ ಅವಳ ನಗು ನೋಡಿದ, ಅವಳು ನೋಡಲು ಬಿಟ್ಟಳು.

ಆ ನಗು ಕೇಳಿಯೇ ಕಾರ್ಯದರ್ಶಿ ವಿಜಯೇಂದ್ರ ಒಳಬಂದರು, ಕೊಳೆತದ್ದೇನನ್ನೋ ಮೂಸಿದವರಂತೆ ಮುಖ ಕಿವಿಚಿಕೊಂಡು.

"ಈ ಹೊಲಸನ್ನ ಮತ್ತೆ ತಂದವನು ಇವನೇನಾ?"

"ನಾನು ಸರ್," ಎಂದಳು ಸ್ಮೃತಿ.

"ಹೊಸಹೊಳಲಿನ ಅರ್ಚಕರ ಮನೆ ಹುಡುಗಿ ನೀನು. ಇಂಥ ಜನದ ಜೊತೆ ಕೂತು ಇಂಥದ್ದು ಕೇಳೋಕೆ ಅಸಹ್ಯ ಆಗಲ್ವಾ?"

"ಅಸಹ್ಯ ಆಗ್ತಿದೆ ಸರ್, ನಿಮ್ಮ ಮಾತು ಕೇಳಿ. ದಾನಿಗಳು ಬಂದಾಗ ಮೊದಲು ಇದನ್ನೇ ಹಾಕ್ತೀನಿ. ಬೇಡ ಅಂದ್ರೆ, ಯಾಕೆ ಬೇಡ ಅಂತ ಅವರ ಮುಂದೆ ನೀವೇ ಹೇಳಿ."

"ನಿಮ್ಮಪ್ಪನಿಗೆ ಹೇಳ್ತೀನಿ," ಎಂದಷ್ಟೇ ಅಂದು ವಿಜಯೇಂದ್ರ ಹೊರಟುಹೋದರು. ಫೋಲ್ಡರಿನ ತಂಟೆಗೆ ಮತ್ತೆ ಬರಲಿಲ್ಲ.

ಸ್ಮೃತಿ ತಿಮ್ಮೇಶನ ಕಡೆ ತಿರುಗಿದಳು. "ಓಕರಿಕೆ ಬರ್ತಿದೆ ತಿಮ್ಮೇಶ್."

ಅವನು ನೀರಿನ ಬಾಟಲಿ ಕೊಟ್ಟ. "ನಿಮ್ಮಪ್ಪಾರಿಗೆ ಯೋಳ್ಬುಟ್ರೆ?"

"ಹೇಳಲಿ. ನನಗೂ ಅಪ್ಪನಿಗೆ ಒಂದು ಮಾತು ಹೇಳೋದಿದೆ."

"ಏನು?"

"ನೀವಂದ್ರೆ ನನಗಿಷ್ಟ ಅಂತ."

ತಿಮ್ಮೇಶ ಮೆಲ್ಲಗೆ, "ನಂಗೂ ಅಂಗೇಯ. ಬಾಯಿಬುಟ್ಟು ಯೋಳಕ್ಕೆ ಭಯ ಆಯ್ತಿತ್ತು. ಮನೆಗೆ ಬಂದು ನಾನೇ ಕೇಳ್ತೀನಿ," ಎಂದ. "ನಿಮ್ಮಪ್ಪಾರು ಮುಖಕ್ಕೆ ಉಗುದ್ರೆ?"

"ಪಕ್ಕದಲ್ಲೇ ನಿಂತಿರ್ತೀನಿ. ಇಬ್ಬರ ಮೇಲೂ ಬೀಳಲಿ."