ಮೇಲಿನ ಕಾಳು

“ಎಷ್ಟು ಬಂತು, ಇನ್ಸ್‌ಪೆಕ್ಟರಮ್ಮ?” ಚಿಕ್ಕಪ್ಪ ಅಂಗಳದ ಆಚೆಯಿಂದ ಕೇಳಿದ.

“ಹದಿಮೂರು,” ಎಂದಳು ಹುಡುಗಿ.

ತೇವ ಅಳೆಯುವ ಮೀಟರು ಸುಳ್ಳು ಹೇಳಿರಲಿಲ್ಲ. ತೇವಾಂಶ ಶೇಕಡಾ ಹದಿನಾಲ್ಕರೊಳಗೆ ಇದ್ದರೆ ಮೆಕ್ಕೆಜೋಳವನ್ನು ಮೂಟೆ ಕಟ್ಟಬಹುದು. ಹೆಚ್ಚಿದ್ದರೆ ಮೂಟೆಯೊಳಗೇ ಕಾಳು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಅಳೆಯುವುದು ಈ ಮನೆಯಲ್ಲಿ ಅವಳದೇ ಕೆಲಸ. ಅವಳು ನಂಬರ್ ಹೇಳಿದರೆ ಸಾಕು, ಅಮ್ಮ ದಬ್ಬಳಕ್ಕೆ ಹುರಿ ಪೋಣಿಸುತ್ತಾಳೆ. ಈಗಲೂ ಪೋಣಿಸಿದಳು.

“ಮಧ್ಯಾಹ್ನ ಕೆದಕಿದ್ಯಲ್ಲ?” ಅಮ್ಮ ಕೇಳಿದಳು.

“ಹ್ಞೂಂ.”

ಕೆದಕಿರಲಿಲ್ಲ. ಟಾರ್ಪಾಲಿನ ಮೇಲೆ ಒಣಹಾಕಿದ ಕಾಳಿನಲ್ಲಿ ಕಾಲೆಳೆಯುತ್ತಾ ನಡೆದು ಅಡಿಯದನ್ನು ಮೇಲೆ ತರಬೇಕಿತ್ತು. ಆದರೆ ಬಿಸಿಲು ಚುರುಗುಟ್ಟುತ್ತಿತ್ತು, ಕಾಮಿಕ್ಸ್ ಇನ್ನೂ ಆರು ಪೇಜು ಉಳಿದಿತ್ತು. ಈಗ ಮೀಟರಿಗೆ ಹಾಕಿದ್ದೂ ಮೇಲಿನ ಕಾಳನ್ನೇ.

ಚಿಕ್ಕಪ್ಪ ಬುಟ್ಟಿಯಲ್ಲಿ ತುಂಬಿ ತುಂಬಿ ಸುರಿದ. ಅಮ್ಮ ಹೊಲಿದಳು. ಒಂದು ಮೂಟೆ ಆಯಿತು. ಎರಡಾಯಿತು. ಐದು ಗಂಟೆಗೆ ಲಾರಿ ಬರುತ್ತದೆ.

ಹುಡುಗಿ ಟಾರ್ಪಾಲಿನ ಮೂಲೆಯಲ್ಲಿ ಕೂತು ಕಾಳಿನ ಅಡಿಗೆ ಕೈ ತೂರಿಸಿದಳು. ತಣ್ಣಗಿತ್ತು. ಒಂದು ಹಿಡಿ ತೆಗೆದು ಮೀಟರಿಗೆ ಸುರಿದಳು. ಹದಿನೇಳು. ಇನ್ನೊಂದು ಹಿಡಿ. ಹದಿನೇಳೂವರೆ.

“ಏನಮ್ಮ, ಮೀಟರಿಗೆ ಇನ್ನೂ ಹೊಟ್ಟೆ ತುಂಬ್ಲಿಲ್ವಾ?” ಚಿಕ್ಕಪ್ಪ ನಕ್ಕ.

ಹೇಳದಿದ್ದರೆ? ಮೂಟೆಗಳು ಗೋಡೌನಿಗೆ ಹೋಗುತ್ತವೆ, ಬೇರೆಯವರ ಮೂಟೆಗಳಿಗೆ ಒತ್ತಿಕೊಂಡು ಕೂರುತ್ತವೆ. ಇವು ಕೆಟ್ಟರೆ ಅವೂ ಕೆಡುತ್ತವೆ. ಪ್ರತಿ ಚೀಲದ ಮೇಲೂ ಅಮ್ಮನ ಹೆಸರಿದೆ. ಅದನ್ನು ದುಂಡಗೆ ಬರೆದವಳು ತಾನೇ.

ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಅಮ್ಮ ಮೂರನೇ ಮೂಟೆಯ ಬಾಯಿ ಮಡಚಿದಳು.

“ಅಮ್ಮ, ಹೊಲೀಬೇಡ.” ಅವಳು ಮೀಟರು ಹಿಡಿದೇ ಎದ್ದಳು. “ನಾನು ಕೆದಕಿಲ್ಲ. ಅಡಿಯಲ್ಲಿ ಹದಿನೇಳಿದೆ.”

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಲಿದ ಹುರಿಯನ್ನು ಹಲ್ಲಿನಿಂದ ಕಡಿದು, ಎಳೆದೆಳೆದು ಬಿಚ್ಚಿದಳು. ಲಾರಿ ಖಾಲಿ ಹೋಯಿತು. ಚಿಕ್ಕಪ್ಪ ಮತ್ತೆ ಇನ್ಸ್‌ಪೆಕ್ಟರಮ್ಮ ಅನ್ನಲಿಲ್ಲ.

ಮರುದಿನ ಭಾನುವಾರ. ಅವಳು ನಾಲ್ಕು ಸಲ ಕೆದಕಿದಳು. ಅಂಗಾಲು ಉರಿಯಿತು. ಸಂಜೆ ಐದು ಕಡೆಯಿಂದ, ಅಡಿಯಿಂದಲೇ ಕಾಳು ತೆಗೆದು ಅಳೆದಳು.

“ಹದಿಮೂರೂವರೆ.”

ಅಮ್ಮ ದಬ್ಬಳ ಎತ್ತಿಕೊಳ್ಳಲಿಲ್ಲ. ಎದ್ದು ಬಂದು ಮೀಟರಿನ ಮೇಲೆ ಬಗ್ಗಿದಳು. ಅಮ್ಮ ಹೀಗೆ ಯಾವತ್ತೂ ಬಗ್ಗಿ ನೋಡಿರಲಿಲ್ಲ.

ಹುಡುಗಿ ಬಿಸಿಲಲ್ಲಿ ಅಂಕಿ ಸರಿಯಾಗಿ ಕಾಣಲೆಂದು ಕೈ ಅಡ್ಡ ಹಿಡಿದು, ಮೀಟರನ್ನು ಅಮ್ಮನ ಕಡೆಗೆ ತಿರುಗಿಸಿದಳು.