ಬೆರಳು ಚುಚ್ಚಿಕೊಂಡು ಬಂದ ವರ

“ಸಿಹಿ ಬ್ಯಾಡ್ರಿ... ತಪ್ಪು ತಿಳೀಬ್ಯಾಡ್ರಿ.”

ಜುಂಜೇಶ ಕೇಸರಿಬಾತಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬಾಗೂರಿನ ಆ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು!

ಹೆಣ್ಣು ನೋಡಲು ಬಂದ ಗಂಡು ಸಿಹಿ ಮುಟ್ಟಲಿಲ್ಲವೆಂದರೆ ಆ ಮನೆತನಗಳಲ್ಲಿ ಅದಕ್ಕೆ ಒಂದೇ ಅರ್ಥ. ಹೆಣ್ಣು ಒಪ್ಪಿಗೆಯಿಲ್ಲ. ಬಾಯಿಬಿಟ್ಟು ಹೇಳುವ ಮುಜುಗರ ಯಾರಿಗೂ ಬೇಡವೆಂದು ಹಿರಿಯರು ಮಾಡಿಟ್ಟ ದಾರಿ ಅದು.

“ಲೇ, ಏನಪ್ಪ ಇದು?” ಅವನ ಅಪ್ಪ ಜುಂಜಯ್ಯ ಕಣ್ಣು ಕೆಂಪಗೆ ಮಾಡಿದರು.

ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ಉಷಾರಾಣಿ ಅದನ್ನು ಅಲ್ಲೇ ಕಿಟಕಿ ಕಟ್ಟೆಯ ಮೇಲಿಟ್ಟಳು. ‘ಗೊತ್ತಿತ್ತು... ನನಗೆ ಗೊತ್ತೇ ಇತ್ತು!’

ಹದಿನೈದನೇ ವಯಸ್ಸಿಗೇ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಅಂದಿನಿಂದ ಇನ್ಸುಲಿನ್ ಸೂಜಿ, ಬೆರಳು ಚುಚ್ಚಿ ಶುಗರ್ ನೋಡುವ ಮಿಷನ್, ಇವಿಲ್ಲದೆ ಒಂದು ದಿನವೂ ಕಳೆದಿಲ್ಲ. ಹಾಗಂತ ಮೂಲೆ ಹಿಡಿದು ಕೂತವಳೂ ಅಲ್ಲ. ಡಿಗ್ರಿ ಮುಗಿಸಿ, ಊರಿನ ಹಾಲಿನ ಡೇರಿಯನ್ನು ಒಬ್ಬಳೇ ಸಂಭಾಳಿಸುತ್ತಿದ್ದಳು. ಕಾಯಿಲೆಯ ವಿಷಯವನ್ನು ಗಂಡಿನ ಕಡೆಯವರಿಗೆ ಮೊದಲೇ ಹೇಳಿಸಿದ್ದಳು. ಕೇಳಿದ ಎಷ್ಟೋ ಜನ ಬರಲೇ ಇಲ್ಲ. ಇವನೊಬ್ಬ ಬಂದ! ಬಂದನಲ್ಲ ಎಂದು ಅವಳು ಎಷ್ಟು ಆಸೆಪಟ್ಟುಕೊಂಡಿದ್ದಳು...

ಅಳುತ್ತಾ ಒಳಗೆ ಓಡಬಹುದಿತ್ತು. ನಮ್ಮ ಉಷಾ ಅಂಥವಳಲ್ಲ ಬಿಡಿ.

“ಅವ್ವಾ, ಇವರ ಹತ್ರ ಎರಡು ಮಾತಾಡ್ಬೇಕು ನಾನು,” ಎಂದವಳೇ ಹಿತ್ತಲಿಗೆ ನಡೆದಳು. ತಾಯಿ ರಂಗಕ್ಕ ಬೇಡವೆನ್ನಲಿಲ್ಲ. ಜುಂಜೇಶ ತಲೆ ತಗ್ಗಿಸಿಕೊಂಡು ಅವಳ ಹಿಂದೆಯೇ ಬಂದ.

“ನನ್ನ ಕಾಯಿಲೆ ಗೊತ್ತಿದ್ದೇ ಬಂದ್ರಲ್ಲ? ಎಲ್ಲಾರ ಮುಂದೆ ಮರ್ಯಾದೆ ತೆಗ್ಯಾಕೆ ಜವನಗೊಂಡನಹಳ್ಳಿಯಿಂದ ಇಷ್ಟು ದೂರ ಬರ್ಬೇಕಿತ್ತೇನ್ರಿ?”

“ಅಯ್ಯೋ, ಹಂಗಲ್ರಿ! ಕಾಯಿಲೆ ಬಂದಿರೋದು ನನಗೆ...”

“ಏನಂದ್ರಿ?”

ಅವನು ಎಡಗೈ ಚಾಚಿದ. ತೋರುಬೆರಳ ತುದಿಯ ನಟ್ಟನಡುವೆ ಕೆಂಪು ಚುಕ್ಕೆಗಳಿದ್ದವು.

“ನಿಮ್ಮ ವಿಷ್ಯ ಕೇಳಿದ್ಮೇಲೆ ಸುಮ್ನಿರಾಕೆ ಆಗ್ಲಿಲ್ಲ. ದಿನಾ ಹೆಂಗೆ ಚುಚ್ಕೊಂತಾರೆ, ಎಷ್ಟು ನೋಯ್ತೈತೆ, ನಾನೂ ನೋಡಾಣ ಅಂತ ಹಿರಿಯೂರಿಂದ ಮಿಷನ್ ತಂದೆ. ಇವತ್ತು ಬೆಳಗ್ಗೆ ದಾಳಿಂಬೆ ತೋಟದಾಗೆ ಚುಚ್ಕೊಂಡ್ರೆ... ಇನ್ನೂರ ಎಂಬತ್ತು! ಇನ್ನೊಂದ್ ಸಲ ಚುಚ್ಚಿದ್ರೂ ಅಷ್ಟೇ. ನಿಮ್ಗೇ ಒಂದು ಭಾರ ಐತೆ, ಅದ್ರ ಮ್ಯಾಲೆ ನಂದೂ ಹೊರಿಸ್ಬಾರ್ದು ಅಂತ... ಅಪ್ಪಂಗೆ ಹೇಳಾಕೂ ಧೈರ್ಯ ಬರ್ಲಿಲ್ಲ.”

ಉಷಾಳ ಸಿಟ್ಟು ಅರ್ಧ ಇಳಿಯಿತು. ಅಷ್ಟರಲ್ಲೇ ಏನೋ ಅನುಮಾನ ಬಂತು.

“ತೋಟದಾಗೆ ಏನ್ ಮಾಡ್ತಿದ್ರಿ?”

“ಹಣ್ಣು ಒಡೆದು, ಒಳಗೆ ಕಾಳು ಹೆಂಗಾಗ್ಯವೆ ಅಂತ ನೋಡ್ತಿದ್ದೆ.”

“ಆಮ್ಯಾಲೆ ಕೈ ತೊಳ್ಕಂಡ್ರಾ?”

“ಟವಲ್‌ಗೆ ಒರೆಸ್ಕಂಡೆ...”

ಅವಳಿಗೆ ನಗು ತಡೆಯಲಾಗಲಿಲ್ಲ! ಇಂಥ ಪೆದ್ದನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡಿರುವುದು ಹೇಳಿ?

“ಅದು ನಿಮ್ಮ ರಕ್ತದ ಸಕ್ಕರೆ ಅಲ್ರೀ, ಬೆರಳಿಗೆ ಅಂಟಿದ್ದ ದಾಳಿಂಬೆ ರಸದ್ದು! ಸೋಪು ಹಚ್ಚಿ ಚೆನ್ನಾಗಿ ತೊಳೀರಿ, ಒಣ ಬಟ್ಟೇಲಿ ಒರೆಸ್ಕಳ್ರಿ.”

ಅವನು ಕೈ ತೊಳೆದು ಬರುವಷ್ಟರಲ್ಲಿ ಒಳಗಿಂದ ತನ್ನ ಮಿಷನ್ನನ್ನೂ ಹೊಸ ಸೂಜಿಯನ್ನೂ ತಂದ ಅವಳು ಅವನ ಕೈ ಹಿಡಿದಳು.

“ನಡುವೆ ಚುಚ್ಚಬಾರ್ದು. ತುದಿ ಪಕ್ಕದಾಗೆ ಚುಚ್ಚಿದ್ರೆ ನೋವು ಕಮ್ಮಿ.”

ತೊಂಬತ್ತಾರು!

“ಚೆನ್ನಾಗೈತೆ ನೋಡ್ರಿ! ಆದ್ರೂ ಒಂದ್ ಸಲ ಲ್ಯಾಬ್‌ನಾಗೆ ನೋಡಿಸ್ಕಂಡು ಬಿಡ್ರಿ, ಮನಸ್ಸಿಗೆ ಸಮಾಧಾನ.”

ಜುಂಜೇಶ ಮಿಷನ್ ಕಡೆ ನೋಡುತ್ತಲೇ ಇರಲಿಲ್ಲ. ಅವಳನ್ನೇ ನೋಡುತ್ತಿದ್ದ.

“ಒಂದು ಬೆಳಗಿನ ಹೆದರಿಕೆಗೇ ನನ್ನ ಕೈಕಾಲು ತಣ್ಣಗಾದ್ವು ಕಣ್ರಿ. ನೀವು ಅಷ್ಟು ಸಣ್ಣ ವಯಸ್ಸಿಂದ ಇದನ್ನ ನಿಭಾಯಿಸ್ಕಂತಾ ಓದಿದ್ರಿ, ಡೇರಿ ನಡೆಸ್ತಿದ್ದೀರಿ, ಈಗ ನನಗೇ ಧೈರ್ಯ ಹೇಳ್ತಿದ್ದೀರಿ... ನಿಮ್ಮಂಥ ಗಟ್ಟಿಗಿತ್ತೀನ ನಾನು ಕಂಡೇ ಇಲ್ಲ. ಒಪ್ಕೊಂತೀರಾ ನನ್ನ?”

ಪಾಪದ ಹುಡುಗಿ ಎಂದವರಿದ್ದರು. ಹುಷಾರಮ್ಮ ಎಂದವರೂ ಇದ್ದರು. ಗಟ್ಟಿಗಿತ್ತಿ ಎಂದು ಈವರೆಗೆ ಯಾರೂ ಅಂದಿರಲಿಲ್ಲ. ಉಷಾಳ ಕಣ್ಣು ತುಂಬಿ ಬಂತು.

“ಲೇ ಜುಂಜೇಶ, ಹೊರಡಾಣೇನಪ್ಪ?” ಒಳಗಿನಿಂದ ಜುಂಜಯ್ಯನವರ ದನಿ ಕೇಳಿತು.

“ತಡಿಯಪ್ಪಾ! ನಂಗೆ ಒಪ್ಪಿಗೆ ಐತೆ, ಇವರದ್ದು ಕೇಳ್ತಿದ್ದೀನಿ!”

ಒಳಗೆ ಘೊಳ್ಳೆಂದು ನಗು ಎದ್ದಿತು. ಉಷಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಂದೊಂದು ಮಾತು ನಡೆಸ್ಕೊಡ್ತೀರಾ?”

“ಹೇಳ್ರಿ.”

“ಬೆಳಗಾದ್ರೆ ಎಲ್ರೂ ಶುಗರ್ ಎಷ್ಟೈತೆ ಅಂತಾನೇ ಕೇಳ್ತಾರೆ. ಪ್ರೀತಿಯಿಂದಾನೇ ಕೇಳ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನೀವು... ನೀವು ಮೊದ್ಲು ನನ್ನ ಮುಖ ನೋಡಿ, ನಾನು ಹೆಂಗಿದ್ದೀನಿ ಅಂತ ಕೇಳ್ಬೇಕು.”

ಅವನು ನಾಳೆ ಬೆಳಗಿನವರೆಗೆ ಕಾಯಲಿಲ್ಲ.

“ಹೆಂಗಿದ್ದೀಯ, ಉಷಾ?”

“ಚೆನ್ನಾಗಿದ್ದೀನ್ರಿ...” ಅವನ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. “ನಿಜವಾಗ್ಲೂ ಚೆನ್ನಾಗಿದ್ದೀನಿ.”